ಇವತ್ತೂ ಹಾರಲಿಲ್ಲ ಅಮ್ಮ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಕಾರ್ಯದರ್ಶಿಯವರು ಫೋನ್ ಮಾಡಿ, "ನಿಮ್ಮ ಮಗಳು ಪೈಲಟ್ ಆದಳಲ್ಲ, ಅದರ ಬಗ್ಗೆ ಮಾತಾಡಿ, ನಮ್ಮ ಹೆಣ್ಣುಮಕ್ಕಳಿಗೆ ಸ್ಫೂರ್ತಿ ಆಗಲಿ" ಅಂದರು. ಸ್ಫೂರ್ತಿಯ ಮಾತು ಆಡುವುದಕ್ಕೆ ನನಗೆ ಬರುವುದಿಲ್ಲ. ವಿಮಾನ ಹಾರಿಸಿದವಳೂ ನಾನಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಕಾಯುವುದು. ಎಂಟು ತಿಂಗಳು ಕಾದಿದ್ದೇನೆ. ಅದರ ಬಗ್ಗೆ ಹೇಳಬಹುದಾ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಹೇಳಿ, ಆದರೆ ಸ್ವಲ್ಪ ನಗು ಇರಲಿ" ಅಂದರು. ಪ್ರಯತ್ನ ಮಾಡುತ್ತೇನೆ.

ಪೈಲಟ್ ಆಗುವುದು ಅಂದರೆ ಹಾರುವುದು ಕಲಿಯುವುದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾರುವುದು ಅದರಲ್ಲಿ ಸುಲಭದ ಭಾಗ ಅಂತ ನನ್ನ ಮಗಳು ಹೇಳುತ್ತಾಳೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು. ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. ನ್ಯಾವಿಗೇಶನ್, ಹವಾಮಾನ, ನಿಯಮಾವಳಿ, ವಿಮಾನದ ತಾಂತ್ರಿಕ ವಿಷಯ, ಒಂದೊಂದರಲ್ಲೂ ನೂರಕ್ಕೆ ಎಪ್ಪತ್ತು ಬರಬೇಕು. ನಮ್ಮ ಕಾಲದಲ್ಲಿ ಎಪ್ಪತ್ತು ಬಂದರೆ ಬೀದಿಗೆಲ್ಲ ಸಿಹಿ ಹಂಚುತ್ತಿದ್ದರು. ಇಲ್ಲಿ ಅರವತ್ತೊಂಬತ್ತು ಬಂದರೆ ಫೇಲು. ರೇಡಿಯೊದಲ್ಲಿ ಮಾತಾಡುವುದಕ್ಕೂ ಬೇರೆ ಪರೀಕ್ಷೆ, ಬೇರೆ ಲೈಸೆನ್ಸು. ಅದನ್ನು ದೂರಸಂಪರ್ಕ ಇಲಾಖೆಯವರು ನಡೆಸುತ್ತಿದ್ದರು. 2025ರ ಜನವರಿಯಿಂದ ಜಾರಿಗೆ ಬಂದ ಹೊಸ ವಾಯುಯಾನ ಕಾಯಿದೆಯಲ್ಲಿ ಅದೂ ಡಿಜಿಸಿಎಗೆ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಬಂತು.

ಆ ಡಿಜಿಸಿಎ ಕಚೇರಿ ನಿಮಗೆಲ್ಲ ಗೊತ್ತಿರುವ ಜಾಗದಲ್ಲೇ ಇದೆ. ನುಗ್ಗೆಕಾಯಿ, ತೆಂಗಿನಕಾಯಿ, ಹಬ್ಬಕ್ಕೆ ಬಾಳೆಲೆ ಬೇಕು ಅಂತ ನಾವು ಐಎನ್‌ಎ ಮಾರ್ಕೆಟ್ಟಿಗೆ ಹೋಗುತ್ತೇವಲ್ಲ, ಅಲ್ಲೇ ಹತ್ತಿರ, ಅರವಿಂದೊ ಮಾರ್ಗದಲ್ಲಿ, ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರಿಗೆ. ಮೂವತ್ತು ವರ್ಷ ಆ ರಸ್ತೆಯಲ್ಲಿ ಚೀಲ ಹಿಡಿದು ಓಡಾಡಿದ್ದೇನೆ. ಗೋಡೆಯ ಆಚೆ ರನ್‌ವೇ ಇದೆ ಅಂತ ಗೊತ್ತಾಗಿದ್ದು ಮಗಳು ಈ ದಾರಿ ಹಿಡಿದ ಮೇಲೆ. ಬ್ರಿಟಿಷರ ಕಾಲದಲ್ಲಿ ಅದು ವಿಲಿಂಗ್ಡನ್ ಏರ್‌ಫೀಲ್ಡ್. ದೆಹಲಿ ಫ್ಲೈಯಿಂಗ್ ಕ್ಲಬ್ಬಿನವರು ಅಲ್ಲಿ ಎಷ್ಟೋ ದಶಕ ಜನಕ್ಕೆ ಹಾರಾಟ ಕಲಿಸಿದರು. 2001ರಲ್ಲಿ ಅಮೆರಿಕದ ಮೇಲೆ ದಾಳಿ ಆದ ನಂತರ ಭದ್ರತೆಯ ಕಾರಣಕ್ಕೆ ಅಲ್ಲಿ ತರಬೇತಿ ಹಾರಾಟ ನಿಂತಿತು. ಪ್ರಧಾನಿಗಳ ಮನೆ ಪಕ್ಕದಲ್ಲೇ ಇದೆ, ನಿಲ್ಲಿಸಿದ್ದು ಸರಿಯೇ. ಆದರೆ ಅದರಿಂದ ಆದದ್ದು ಏನು ಅಂದರೆ, ದೇಶದ ಪೈಲಟ್‌ಗಳಿಗೆಲ್ಲ ಲೈಸೆನ್ಸ್ ಕೊಡುವ ಊರಿನ ಮಕ್ಕಳು ಹಾರುವುದನ್ನು ಕಲಿಯುವುದಕ್ಕೆ ಹರಿಯಾಣಕ್ಕೋ, ಪಂಜಾಬಿಗೋ, ಅಲಿಗಢಕ್ಕೋ, ಫುರ್ಸತ್‌ಗಂಜ್‌ಗೋ ಹೋಗಿ ಹಾಸ್ಟೆಲ್ಲಿನಲ್ಲಿ ಇರಬೇಕು. ನಮ್ಮ ಮಗಳೂ ಹಾಗೇ ಹೋದಳು. ಶಾಲೆಯ ಹೆಸರು ಬೇಡ. ದೆಹಲಿಯಿಂದ ಕಾರಿನಲ್ಲಿ ನಾಲ್ಕು ಗಂಟೆ ದೂರ, ಸುತ್ತ ಗೋಧಿ ಹೊಲ, ಮಧ್ಯದಲ್ಲಿ ಒಂದು ರನ್‌ವೇ.

ಕಮರ್ಷಿಯಲ್ ಲೈಸೆನ್ಸಿಗೆ ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ತಾನೇ ಕ್ಯಾಪ್ಟನ್ ಆಗಿ. 2024ರ ಅಕ್ಟೋಬರ್ ಕೊನೆಗೆ ಅವಳ 200 ಗಂಟೆ ಮುಗಿಯಿತು. ಮನೆಯಲ್ಲಿ ಹೋಳಿಗೆ ಮಾಡಿದೆವು. ಇನ್ನೇನು, ಪರೀಕ್ಷೆಗಳು ಮಾತ್ರ ಬಾಕಿ ಅಂದಳು. ಹಗಲಿನಲ್ಲಿ ಒಂದು ಸಾಮಾನ್ಯ ಹಾರಾಟ ಪರೀಕ್ಷೆ, ರಾತ್ರಿ ಒಂದು. ಹಗಲಿನಲ್ಲಿ ಕನಿಷ್ಠ 250 ನಾಟಿಕಲ್ ಮೈಲಿ ದೂರದ ಹಾರಾಟ, ಅಂದರೆ ಸುಮಾರು 460 ಕಿಲೋಮೀಟರ್, ನಡುವೆ ಬೇರೆ ನಿಲ್ದಾಣದಲ್ಲಿ ಇಳಿದು ಬರಬೇಕು. ರಾತ್ರಿ 120 ನಾಟಿಕಲ್ ಮೈಲಿ, ಎಲ್ಲೂ ಇಳಿಯದೆ ಹೊರಟ ಜಾಗಕ್ಕೇ ವಾಪಸು. ನಾಲ್ಕು ಪರೀಕ್ಷೆ. ಎಲ್ಲ ಸರಿ ಇದ್ದರೆ ಒಂದು ವಾರದ ಕೆಲಸ.

ಅದು ಮುಗಿದದ್ದು ಮೇ ತಿಂಗಳ ಕೊನೆಗೆ.

ಮೊದಲ ದಿನಾಂಕ ನವೆಂಬರ್ ಮೂರನೆಯ ವಾರ. ಆ ವಾರ ನಿಮಗೆಲ್ಲ ನೆನಪಿರಬೇಕು. ನವೆಂಬರ್ 18ಕ್ಕೆ ದೆಹಲಿಯ ಗಾಳಿಯ ಸೂಚ್ಯಂಕ 490 ದಾಟಿತ್ತು, ಶಾಲೆಗಳು ಆನ್‌ಲೈನ್ ಆದವು, ಲಾರಿಗಳನ್ನು ಗಡಿಯಲ್ಲೇ ನಿಲ್ಲಿಸಿದರು. ಕಿಟಕಿ ತೆಗೆದರೆ ಹೊಗೆ ಬಟ್ಟಲು ಹಿಡಿದ ಹಾಗೆ. ಈ ಸಣ್ಣ ತರಬೇತಿ ವಿಮಾನಗಳು ಕಣ್ಣಿಗೆ ಕಂಡದ್ದನ್ನು ನಂಬಿ ಹಾರುವಂಥವು. ಅದಕ್ಕೆ ಐದು ಕಿಲೋಮೀಟರ್ ದೂರ ಕಾಣಬೇಕು ಅಂತ ನಿಯಮ. ನಮ್ಮ ಇಂದಿರಾ ಗಾಂಧಿ ನಿಲ್ದಾಣದಲ್ಲಿ ದೊಡ್ಡ ವಿಮಾನ 50 ಮೀಟರ್ ಕಂಡರೂ ಇಳಿಯಬಹುದು, ಅಂಥ ಯಂತ್ರ ರನ್‌ವೇ ಪಕ್ಕದಲ್ಲೂ ಇದೆ, ವಿಮಾನದೊಳಗೂ ಇದೆ, ಅದಕ್ಕೆ ತರಬೇತಿ ಪಡೆದ ಪೈಲಟ್ಟೂ ಇರುತ್ತಾರೆ. ಆ ಪೈಲಟ್ ಆಗಬೇಕಾದವರು ಮೊದಲು ಐದು ಸಾವಿರ ಮೀಟರ್ ಕಾಣಲಿ ಅಂತ ಹೊಲದ ಮಧ್ಯೆ ಕೂತಿರಬೇಕು.

ಆಗ ನಾನು ಮೆಟಾರ್ ಓದುವುದು ಕಲಿತೆ. ವಿಮಾನ ನಿಲ್ದಾಣಗಳು ಹವಾಮಾನವನ್ನು ಸಂಕೇತದಲ್ಲಿ ಹೇಳುವ ಒಂದು ಸಾಲು ಅದು, ಫೋನಿನಲ್ಲಿ ಸಿಗುತ್ತದೆ. ಎಫ್‌ಜಿ ಅಂದರೆ ಮಂಜು, ಎಚ್‌ಝಡ್ ಅಂದರೆ ಮಬ್ಬು. ಎಫ್‌ಯು ಅಂದರೆ ಹೊಗೆ, ಅದು ಫ್ರೆಂಚ್ ಪದದಿಂದ ಬಂದದ್ದಂತೆ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಒಲೆಗಿಟ್ಟು, ಅವಳ ಶಾಲೆಗೆ ಹತ್ತಿರದ ನಿಲ್ದಾಣದ ಮೆಟಾರ್ ನೋಡುವುದು ನನ್ನ ಸುಪ್ರಭಾತ ಆಯಿತು. ಅವಳು ಅಲ್ಲಿ ನಾಲ್ಕೂವರೆಗೇ ಎದ್ದು, ಯೂನಿಫಾರ್ಮ್ ಇಸ್ತ್ರಿ ಮಾಡಿ ಹಾಕಿಕೊಂಡು, ನಕ್ಷೆಯಲ್ಲಿ ದಾರಿ ಗುರುತು ಮಾಡಿ, ಗಾಳಿ ಲೆಕ್ಕ ಹಾಕಿ, ಇಂಧನ ಲೆಕ್ಕ ಹಾಕಿ ಕೂತಿರುತ್ತಿದ್ದಳು. ಹತ್ತು ಗಂಟೆಗೆ ಮಂಜು ಎದ್ದರೆ ಗಾಳಿ ಬದಲಾಗಿರುತ್ತದೆ, ಮತ್ತೆ ಲೆಕ್ಕ. ಹನ್ನೆರಡಕ್ಕೆ ಮತ್ತೆ. ಸಾಯಂಕಾಲ ನನಗೆ ಮೆಸೇಜು: "ಇವತ್ತೂ ಹಾರಲಿಲ್ಲ ಅಮ್ಮ." ಡಿಸೆಂಬರ್ ಹೊತ್ತಿಗೆ ಅದು "ಇವತ್ತೂ ಇಲ್ಲ" ಆಯಿತು. ಜನವರಿಯಲ್ಲಿ ಬರೀ "ಇಲ್ಲ." ಅಕ್ಷರ ಕಡಿಮೆ ಆಗುತ್ತಾ ಹೋದದ್ದನ್ನು ನೋಡಿ ನನಗೆ ಭಯ ಆಗಿತ್ತು.

ಡಿಸೆಂಬರ್ ಕಥೆ ಬೇರೆ. ಶಾಲೆಯಲ್ಲಿ ನಾಲ್ಕು ವಿಮಾನ, ಎರಡು ಕೆಟ್ಟು ನಿಂತಿದ್ದವು. ಒಂದರ ಬಿಡಿಭಾಗ ವಿದೇಶದಿಂದ ಬರಬೇಕು, ಬಂದು ಕಸ್ಟಮ್ಸ್‌ನಲ್ಲಿ ಕೂತಿದೆ ಅಂದರು. ಹಾರುತ್ತಿದ್ದ ಎರಡೂ ಇಷ್ಟು ಗಂಟೆಗೆ ಒಮ್ಮೆ ತಪಾಸಣೆಗೆ ಹೋಗಲೇಬೇಕು. ಕಾಯುತ್ತಿದ್ದವರು ನಲವತ್ತು ಜನ. ಜನವರಿ ಪೂರ್ತಿ ಮಂಜು. ಗಂಗಾ ಯಮುನಾ ಬಯಲಿನ ಚಳಿಗಾಲವೇ ಹಾಗೆ: ಆಕಾಶ ಸ್ವಚ್ಛ, ಗಾಳಿ ಇಲ್ಲ, ನೀರುಣಿಸಿದ ಹೊಲದ ತೇವ, ರಾತ್ರಿ ನೆಲ ತಣ್ಣಗಾದರೆ ಸಾಕು, ಬೆಳಿಗ್ಗೆ ಎದುರುಮನೆ ಕಾಣುವುದಿಲ್ಲ. ಫೆಬ್ರವರಿಯಲ್ಲಿ ಆಕಾಶ ತಿಳಿಯಾಯಿತು, ವಿಮಾನ ರಿಪೇರಿ ಆಯಿತು. ಪರೀಕ್ಷೆ ಮಾಡುವ ಅಧಿಕಾರ ಇದ್ದ ಹಿರಿಯ ಬೋಧಕರು ಕೆಲಸ ಬಿಟ್ಟು ಹೋದರು! ಎಲ್ಲ ಒಟ್ಟಿಗೆ ಕೂಡಿ ಬರುವುದು ಅಂದರೆ ಮದುವೆಯ ಮುಹೂರ್ತಕ್ಕಿಂತ ಕಷ್ಟ. ಹವೆ, ವಿಮಾನ, ಪರೀಕ್ಷಕರು, ಅನುಮತಿ, ಸರದಿ, ಐದೂ ಒಂದೇ ದಿನ ಒಂದೇ ಗಂಟೆಯಲ್ಲಿ ಸೇರಬೇಕು.

ಮದುವೆ ಅಂದೆ. ಅದನ್ನೂ ಹೇಳಿಬಿಡುತ್ತೇನೆ. ಅವಳ ಜೊತೆ ಕಾಯುತ್ತಿದ್ದ ಹುಡುಗರ ಮನೆಯಲ್ಲಿ ನೆಂಟರು ಕೇಳುತ್ತಿದ್ದ ಪ್ರಶ್ನೆ, "ಯಾವಾಗ ಮುಗಿಯುತ್ತೆ?" ನಮ್ಮ ಮನೆಗೆ ಬರುತ್ತಿದ್ದ ಪ್ರಶ್ನೆ, "ಇದು ಬೇಕಾ?" ಹುಡುಗನಿಗೆ ತಡವಾದರೆ ಅದು ತಡ ಅಷ್ಟೇ. ಹುಡುಗಿಗೆ ತಡವಾದರೆ ಅದು ಶಕುನ. ಮೈಸೂರಿನಿಂದ ಒಬ್ಬರು ಜಾತಕ ಕಳಿಸಿದರು, "ಹೇಗೂ ಖಾಲಿ ಇದ್ದಾಳಲ್ಲ" ಅಂತ. ದಿನಾ ಬೆಳಿಗ್ಗೆ ನಾಲ್ಕೂವರೆಗೆ ಏಳುವವಳು ಖಾಲಿ!

ಆ ಚಳಿಗಾಲದಲ್ಲಿ ನನಗೆ ಜೊತೆಯಾದವರು ಸರಳಾ ಠಕ್ರಾಲ್. ಹೆಸರು ಕೇಳಿರುತ್ತೀರಿ, 2021ರ ಆಗಸ್ಟ್ 8ರಂದು ಗೂಗಲ್‌ನವರು ಅವರ ಚಿತ್ರ ಹಾಕಿದ್ದರು. 1914ರಲ್ಲಿ ನಮ್ಮ ಇದೇ ದೆಹಲಿಯಲ್ಲಿ ಹುಟ್ಟಿದವರು. 1936ರಲ್ಲಿ, 21ನೆಯ ವಯಸ್ಸಿನಲ್ಲಿ, ಲಾಹೋರಿನಲ್ಲಿ ಸೀರೆ ಉಟ್ಟು ಜಿಪ್ಸಿ ಮಾತ್ ವಿಮಾನ ಹಾರಿಸಿ ಪೈಲಟ್ ಲೈಸೆನ್ಸ್ ಪಡೆದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರು. ಆಗಲೇ ನಾಲ್ಕು ವರ್ಷದ ಮಗುವಿನ ತಾಯಿ. ಇಷ್ಟು ಎಲ್ಲರೂ ಹೇಳುತ್ತಾರೆ, ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಮಕ್ಕಳೂ ಹೇಳುತ್ತಾರೆ. ನಂತರದ್ದನ್ನು ಯಾರೂ ಹೇಳುವುದಿಲ್ಲ. ಅವರ ಪತಿ ಪಿ. ಡಿ. ಶರ್ಮಾ ಕೂಡ ಪೈಲಟ್, ಕರಾಚಿ ಲಾಹೋರ್ ನಡುವೆ ಅಂಚೆ ವಿಮಾನ ಹಾರಿಸುತ್ತಿದ್ದರು. 1939ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆ ದುಃಖದಲ್ಲೂ ಸರಳಾ ಕಮರ್ಷಿಯಲ್ ಲೈಸೆನ್ಸಿಗೆ ತಯಾರಾಗಲು ಜೋಧಪುರಕ್ಕೆ ಹೋದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿ ನಾಗರಿಕರ ಹಾರಾಟ ತರಬೇತಿಯೇ ನಿಂತುಹೋಯಿತು. ಅವರ ಪರೀಕ್ಷೆ ಆಗಲೇ ಇಲ್ಲ. ಲಾಹೋರಿಗೆ ವಾಪಸಾಗಿ ಚಿತ್ರಕಲೆ ಕಲಿತರು. ದೇಶ ವಿಭಜನೆಯಾದಾಗ ದೆಹಲಿಗೆ ಬಂದರು, ಮತ್ತೆ ಮದುವೆಯಾದರು, ಸೀರೆ ವಿನ್ಯಾಸ, ಆಭರಣ ವಿನ್ಯಾಸ ಮಾಡಿ ಹೆಸರು ಮಾಡಿದರು, 2008ರಲ್ಲಿ ತೀರಿಕೊಂಡರು. ಅವರಿಗೆ ಕಲೆಯಲ್ಲಿ ಸಿಕ್ಕ ಯಶಸ್ಸನ್ನು ಹೇಳಿ ಎಲ್ಲರೂ ಕಥೆ ಮುಗಿಸುತ್ತಾರೆ. ನನಗೆ ಮಾತ್ರ ಜೋಧಪುರದಲ್ಲಿ ಪೆಟ್ಟಿಗೆ ಕಟ್ಟಿದ ದಿನವೇ ಮನಸ್ಸಿನಲ್ಲಿ ಉಳಿದಿದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಹಿಟ್ಲರನ ಮೇಲೆ?

ನಮ್ಮ ಕನ್ನಡ ನಾಡಿನ ಕಥೆ ಇದಕ್ಕಿಂತ ಸುಖವಾದದ್ದು. ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ ಶುರುವಾಯಿತು. ಕ್ಯಾಪ್ಟನ್ ವಿ. ಸುಂದರಂ ಅಲ್ಲಿ ಕಲಿಸಿದವರು. ಅವರ ಪತ್ನಿ ಉಷಾ ಸುಂದರಂ ಆ ಶಾಲೆಯಿಂದ ಪಾಸಾಗಿ ಬಂದ ಮೊದಲ ಮಹಿಳೆ. 1951ರಲ್ಲಿ ಗಂಡ ಹೆಂಡತಿ ಇಬ್ಬರೂ ಇಂಗ್ಲೆಂಡಿನಿಂದ ಡವ್ ಎಂಬ ವಿಮಾನವನ್ನು ಸುಮಾರು 27 ಗಂಟೆಗಳಲ್ಲಿ ಮುಂಬಯಿಗೆ ತಂದು ದಾಖಲೆ ಮಾಡಿದರು. ಅದೇ ಕಾಲದ ಇನ್ನೊಬ್ಬರು ಪ್ರೇಮ್ ಮಾಥುರ್. 1947ರಲ್ಲೇ ಕಮರ್ಷಿಯಲ್ ಲೈಸೆನ್ಸ್ ಕೈಯಲ್ಲಿತ್ತು, ಎಂಟು ಕಂಪನಿಗಳು ಹೆಣ್ಣು ಅಂತ ಬೇಡ ಅಂದವು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ತೆಗೆದುಕೊಂಡಿತು. ಈಗ ನಮ್ಮ ದೇಶದ ಪೈಲಟ್‌ಗಳಲ್ಲಿ ಶೇಕಡ 15ರಷ್ಟು ಹೆಂಗಸರು, ಪ್ರಪಂಚದ ಸರಾಸರಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಮಗಳಿಗೆ ಬಾಗಿಲು ಮುಚ್ಚಿರಲಿಲ್ಲ. ಬಾಗಿಲು ತೆರೆದೇ ಇತ್ತು, ಒಳಗೆ ಉದ್ದದ ಸಾಲು ಇತ್ತು ಅಷ್ಟೆ.

ಮಾರ್ಚ್ ಎರಡನೆಯ ವಾರ ಹೊಸ ಪರೀಕ್ಷಕರು ಬಂದರು. ಆಕಾಶ ತಿಳಿ, ಗಾಳಿ ನಿಧಾನ, ವಿಮಾನ ಸಿದ್ಧ. ಬೆಳಿಗ್ಗೆ ಏಳೂವರೆಗೆ ಫೋನ್ ಮಾಡಿ "ಅಮ್ಮ, ಇವತ್ತು ಗ್ಯಾರಂಟಿ" ಅಂದಳು. ನಾನು ಬಾಯಲ್ಲಿ ಏನೂ ಅನ್ನದೆ ದೇವರ ಮುಂದೆ ಎರಡು ಬತ್ತಿ ಹೆಚ್ಚಿಗೆ ಹಚ್ಚಿದೆ. ಮುಂದಿನದು ಅವಳು ರಾತ್ರಿ ಹೇಳಿದ್ದು.

ಇವರು ಹಾರಿಸುವ ಸೆಸ್ನಾ 172 ವಿಮಾನದ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಎಂಬುದು ಎರಡು ಇರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ನಾವು ಗ್ಯಾಸ್ ಸಿಲಿಂಡರ್ ಎರಡು ಇಟ್ಟುಕೊಳ್ಳುವ ಹಾಗೆ ಅಂದುಕೊಳ್ಳಿ, ಆದರೆ ಇಲ್ಲಿ ಎರಡೂ ಒಟ್ಟಿಗೆ ಉರಿಯುತ್ತಿರುತ್ತವೆ. ರನ್‌ವೇಗೆ ಹೋಗುವ ಮುಂಚೆ ಎಂಜಿನ್ನನ್ನು 1800 ಸುತ್ತಿಗೆ ಏರಿಸಿ ಒಂದೊಂದನ್ನೇ ಬಂದ್ ಮಾಡಿ ನೋಡಬೇಕು. ಒಂದರ ಮೇಲೇ ಓಡಿದಾಗ ಸುತ್ತು ಸ್ವಲ್ಪ ಇಳಿಯುತ್ತದೆ. 150ಕ್ಕಿಂತ ಹೆಚ್ಚು ಇಳಿಯಬಾರದು, ಎರಡರ ನಡುವೆ ವ್ಯತ್ಯಾಸ 50 ದಾಟಬಾರದು. ಅವತ್ತು ಎಡಗಡೆಯದು ಸರಿ ಇತ್ತು. ಬಲಗಡೆಯದಕ್ಕೆ ಹಾಕಿದಾಗ ಸುತ್ತು 200ರ ಮೇಲೆ ಇಳಿಯಿತು, ಎಂಜಿನ್ ನಡುಗಿತು. ಪ್ಲಗ್ಗಿನಲ್ಲಿ ಮಸಿ ಕೂತಿದ್ದರೆ ಸುಡಲಿ ಅಂತ ಇಂಧನ ತೆಳು ಮಾಡಿ, ವೇಗ ಹೆಚ್ಚಿಸಿ ಸ್ವಲ್ಪ ಹೊತ್ತು ಓಡಿಸಿದಳು. ಅದು ಪುಸ್ತಕದಲ್ಲಿರುವ ಕ್ರಮವೇ. ಮತ್ತೆ ನೋಡಿದಳು. 180. ಇನ್ನೊಮ್ಮೆ. ಹಾಗೇ.

ಪಕ್ಕದ ಸೀಟಿನಲ್ಲಿ ಪರೀಕ್ಷಕರು ಕೂತಿದ್ದಾರೆ. ಏನೂ ಹೇಳುತ್ತಿಲ್ಲ, ಹೊರಗೆ ಹೊಲ ನೋಡುತ್ತಿದ್ದಾರೆ. ಹಿಂದೆ ನಾಲ್ಕೂವರೆ ತಿಂಗಳು. ಇವತ್ತು ಬಿಟ್ಟರೆ ಮತ್ತೆ ಯಾವಾಗಲೋ. 150 ಇರಬೇಕಾದದ್ದು 180 ಇದೆ, ಮೂವತ್ತರ ವ್ಯತ್ಯಾಸ. "ಅಮ್ಮ, ಗಡಿಯಾರದ ಮುಳ್ಳಿನಲ್ಲಿ ಅದು ಇಷ್ಟೇ ಇಷ್ಟು" ಅಂತ ಹೆಬ್ಬೆರಳಿನ ಉಗುರು ತೋರಿಸಿದಳು, ವಿಡಿಯೊ ಕಾಲ್‌ನಲ್ಲಿ. ಆಮೇಲೆ ರೇಡಿಯೊದಲ್ಲಿ, ವಾಪಸ್ ಬರುತ್ತಿದ್ದೇನೆ ಅಂತ ಹೇಳಿ ವಿಮಾನ ತಿರುಗಿಸಿ ತಂದು ನಿಲ್ಲಿಸಿದಳು. ಪರೀಕ್ಷಕರು ಇಳಿದು, "ಬಾ, ಟೀ ಕುಡಿಯೋಣ" ಅಂದರಂತೆ. ಅಷ್ಟೆ. ಟೀ ಅಂಗಡಿಯಲ್ಲಿ ಕ್ರಿಕೆಟ್ ಮಾತಾಡಿದರಂತೆ. ಎಂಜಿನಿಯರುಗಳು ಪ್ಲಗ್ಗು ಬಿಚ್ಚಿ ನೋಡಿ ಎರಡನ್ನು ಬದಲಾಯಿಸಿದರು.

"ಅಳು ಬಂತಾ?" ಅಂದೆ. "ಬಂತು. ಆದರೆ ಅದು ತಿರುಗಿಸಿದ ಮೇಲೆ" ಅಂದಳು.

ನಾಲ್ಕು ದಿನ ಬಿಟ್ಟು ಹಗಲಿನ ಪರೀಕ್ಷೆ ಆಯಿತು, ಪಾಸು. ತಿಂಗಳ ಕೊನೆಗೆ ರಾತ್ರಿಯದೂ ಆಯಿತು. ಆ ಶಾಲೆಯ ರನ್‌ವೇಗೆ ರಾತ್ರಿ ದೀಪ ಇರಲಿಲ್ಲ, ಬೇರೆ ಊರಿಗೆ ಹೋಗಿ ಅಲ್ಲಿ ನಾಲ್ಕು ರಾತ್ರಿ ಕಾದು ಮಾಡಿದ್ದು.

ಇಷ್ಟಾದ ಮೇಲೆ ನಿಜವಾದ ಪೆಟ್ಟು ಬಿದ್ದದ್ದು ಏಪ್ರಿಲ್‌ನಲ್ಲಿ. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ, ಯಾಕೆಂದರೆ ಮಕ್ಕಳನ್ನು ಈ ದಾರಿಗೆ ಕಳಿಸುವ ಮನೆಯವರಿಗೆ ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಲೈಸೆನ್ಸಿಗೆ ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ ಆರು ತಿಂಗಳು ಎಣಿಸಬೇಕು. ಆ ಆರು ತಿಂಗಳ ಒಳಗೆ ಕ್ಯಾಪ್ಟನ್ ಆಗಿ 15 ಗಂಟೆ ಹಾರಿರಬೇಕು. ರಾತ್ರಿಯ ಹತ್ತು ಏರಿಕೆ, ಹತ್ತು ಇಳಿಕೆಗಳೂ ಆ ಆರು ತಿಂಗಳ ಒಳಗಿನವೇ ಆಗಿರಬೇಕು. ಪರೀಕ್ಷೆಗಳೂ ಹಾಗೇ. ಮೊದಲ ದರ್ಜೆಯ ವೈದ್ಯಕೀಯ ಸರ್ಟಿಫಿಕೇಟಿಗೆ ಒಂದು ವರ್ಷ ಆಯಸ್ಸು. ನಿಯಮ ಸರಿಯೇ ಇದೆ. ಆರು ತಿಂಗಳು ಸ್ಟೀರಿಂಗ್ ಮುಟ್ಟದ ಡ್ರೈವರ್ ಕೈಗೆ ನಾವೂ ಕಾರು ಕೊಡುವುದಿಲ್ಲ. ಆದರೆ ಸಾಲಿನಲ್ಲಿ ನಿಂತವರ ಪಾಲಿಗೆ ಇದರ ಅರ್ಥ ಬೇರೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೀರಿ, ನಿಮ್ಮ ಸರದಿ ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿರುವ ಕಾರ್ಡಿನ ಅಕ್ಷರ ಒಂದೊಂದಾಗಿ ಅಳಿಸಿಹೋಗುತ್ತಿದೆ.

ಅವಳು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಾರಿದ ಗಂಟೆಗಳು ಏಪ್ರಿಲ್ ಕೊನೆಗೆ ಲೆಕ್ಕದಿಂದ ಹೊರಗೆ ಬಿದ್ದವು. 200 ಗಂಟೆಯಲ್ಲಿ ಅವು ಇರುತ್ತವೆ, ಆರು ತಿಂಗಳಲ್ಲಿ ಇರುವುದಿಲ್ಲ. ಚಳಿಗಾಲದಲ್ಲಿ ನಡುನಡುವೆ ಹಾರಿದ್ದು ನಾಲ್ಕು ಗಂಟೆ. ಇನ್ನು ಹನ್ನೊಂದು ಗಂಟೆ ಮತ್ತೆ ಹಾರಬೇಕು. ಗಂಟೆಗೆ ಹದಿನೈದು ಸಾವಿರದ ಹಾಗೆ ಒಂದು ಲಕ್ಷ ಅರವತ್ತೈದು ಸಾವಿರ. ರಾತ್ರಿಯ ಹಾರಾಟದ ಖರ್ಚು, ಹಾಸ್ಟೆಲ್ ಬಾಡಿಗೆ ಬೇರೆ. ಮಂಡ್ಯದ ಕಡೆ ಇದ್ದ ಒಂದು ಸೈಟು ಮಾರಿ, ಅದರ ಮೇಲೆ ಬ್ಯಾಂಕ್ ಸಾಲ ಮಾಡಿ ಕಳಿಸಿದ್ದೆವು. ಸಾಲದ ಕಂತು ಶುರುವಾಗಿತ್ತು. ನಮ್ಮ ಯಜಮಾನರು ನಿವೃತ್ತರಾಗಿ ಎರಡು ವರ್ಷ. ಅವತ್ತು ರಾತ್ರಿ ಅವರು ಕಾಗದದ ಮೇಲೆ ಲೆಕ್ಕ ಬರೆದು, ಪೆನ್ನಿನ ಮುಚ್ಚಳ ಹಾಕಿ, "ಸ್ವಲ್ಪ ದಿನ ನಿಲ್ಲಿಸೋಣ, ಮುಂದಿನ ವರ್ಷ ನೋಡೋಣ" ಅಂದರು. ಮುಂದಿನ ವರ್ಷ ಅಂದರೆ ಈ ನಾಲ್ಕು ಪರೀಕ್ಷೆಯೂ ಮೊದಲಿನಿಂದ. ಅದು ಅವರಿಗೂ ಗೊತ್ತಿತ್ತು.

ನಮ್ಮ ಅತ್ತೆಯವರಿಗೆ 81 ವರ್ಷ. ಮೊಮ್ಮಗಳು ವಿಮಾನ ಓಡಿಸುವುದನ್ನು ಅವರು ಒಪ್ಪಲಿಕ್ಕಿಲ್ಲ ಅಂತ ನೆಂಟರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ಬಾಗಿಲ ಹತ್ತಿರ ಕೂತು ಕೇಳಿಸಿಕೊಂಡವರು, "ಬಿತ್ನೆ ತಡ ಆಯ್ತು ಅಂತ ಹೊಲ ಬೀಳು ಬುಡಕ್ಕಾಯ್ತದಾ? ಎಷ್ಟು ಬೇಕು ಹೇಳು" ಅಂದರು. ಮಗನ ಮುಖವನ್ನೂ ನೋಡಲಿಲ್ಲ. ಮಾರನೆಯ ದಿನ ನನ್ನ ಜೊತೆ ಆಟೊದಲ್ಲಿ ಬ್ಯಾಂಕಿಗೆ ಬಂದು ತಮ್ಮ ಎರಡು ಲಕ್ಷದ ಠೇವಣಿ ಮುರಿಸಿದರು. ಬ್ಯಾಂಕಿನ ಹುಡುಗಿ ಹಿಂದಿಯಲ್ಲಿ, "ಮಾತಾಜಿ, ಅವಧಿ ಮುಗಿಯುವ ಮುಂಚೆ ತೆಗೆದರೆ ಬಡ್ಡಿ ಹೋಗುತ್ತೆ" ಅಂದಳು. ಅತ್ತೆ ನನ್ನ ಕಡೆ ತಿರುಗಿ, "ಏನಂತೆ?" ಅಂದರು. ಹೇಳಿದೆ. "ಹೋಗ್ಲಿ ಬುಡು, ಬಡ್ಡಿ ಯಾರ್ ಹೊತ್ಕೊಂಡೋಗ್ತಾರೆ" ಅಂದರು.

ಹನ್ನೊಂದು ಗಂಟೆ ಹಾರಿದಳು. ರಾತ್ರಿಯ ಹತ್ತು ಇಳಿಕೆಗಳೂ, ರಾತ್ರಿಯ ದೂರದ ಹಾರಾಟವೂ ಏಪ್ರಿಲ್ ಮುಗಿಯುವುದರೊಳಗೆ ಆದವು. ಒಂದೇ ಒಂದು ಬಾಕಿ, ಹಗಲಿನ 250 ಮೈಲಿ. ದಿನಾಂಕ ಸಿಕ್ಕಿತು, ಮೇ 9, ಶುಕ್ರವಾರ. ಆ ದಿನ ಏನಾಗಿತ್ತು ಅಂತ ನಿಮಗೆಲ್ಲ ಗೊತ್ತು. ಗಡಿಯಲ್ಲಿ ಸಂಘರ್ಷ, ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳನ್ನು ಮುಚ್ಚಿದ್ದರು. ಅವಳು ಇಳಿಯಬೇಕಾಗಿದ್ದದ್ದು ಅದರಲ್ಲಿ ಒಂದು. ಆ ವಾರ ನಾವು ಯಾರೂ ಗೊಣಗಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇಬ್ಬರು ಸೈನಿಕರ ಮನೆಯವರು ಫೋನ್ ಹಿಡಿದು ಕೂತಿದ್ದರು. ಅವರ ಮುಂದೆ ನಮ್ಮದು ಯಾವ ಕಾಯುವಿಕೆ. 12ಕ್ಕೆ ನಿಲ್ದಾಣಗಳು ತೆರೆದವು. ಆಮೇಲೆ ಧೂಳಿನ ಬಿರುಗಾಳಿ, ನಮ್ಮ ದೆಹಲಿಯ ಆಂಧಿ. 21ನೆಯ ತಾರೀಕು ಆಲಿಕಲ್ಲು ಮಳೆಯಾಗಿ ನಮ್ಮ ಬಾಲ್ಕನಿಯ ತುಳಸಿ ಕುಂಡ ಒಡೆಯಿತು. ಕೊನೆಗೆ 28ಕ್ಕೆ, ಬುಧವಾರ, ಹೋಗಿ ಇಳಿದು ವಾಪಸು ಬಂದಳು. ಮೆಸೇಜು: "ಆಯ್ತು." ನಾನು ಮೊದಲು ಓದಿದ್ದು "ಇಲ್ಲ" ಅಂತಲೇ. ಕಣ್ಣಿಗೆ ಅದೇ ಅಭ್ಯಾಸವಾಗಿತ್ತು.

ಜೂನ್ ಮೊದಲ ವಾರ ಅರ್ಜಿ ಹೋಯಿತು. ಜೂನ್ 12ರಂದು ಅಹಮದಾಬಾದಿನ ಅಪಘಾತ. ವಿಮಾನದಲ್ಲಿದ್ದ 241 ಜನ ಹೋದರು, ನೆಲದ ಮೇಲಿದ್ದವರೂ ಹೋದರು. ಅವತ್ತು ಸಾಯಂಕಾಲದಿಂದ ಊರಿನಿಂದ ಫೋನ್ ಮೇಲೆ ಫೋನು. "ಸಾಕು ಕಣೇ, ಕರಕೊಂಡು ಬಾ." ಒಬ್ಬರು, "ದೇವರೇ ಎಂಟು ತಿಂಗಳಿಂದ ಬೇಡ ಬೇಡ ಅಂತ ಹೇಳ್ತಿದ್ದ, ನೀವೇ ಕೇಳಲಿಲ್ಲ" ಅಂದರು. ನಾನು ಫೋನ್ ಇಟ್ಟೆ, ಜಗಳ ಆಡಲಿಲ್ಲ. ಭಯ ನನಗೂ ಇತ್ತು, ಈಗಲೂ ಇದೆ. ಮಗಳು ಟಿವಿ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತಿದ್ದಳು, ಮಾತಿಲ್ಲ. ಮಲಗುವ ಮುಂಚೆ ತನ್ನ ಹಾರಾಟದ ದಾಖಲೆ ಪುಸ್ತಕ ತೆಗೆದು ಗಂಟೆಗಳನ್ನು ಮೊದಲಿನಿಂದ ಕೂಡುತ್ತಿದ್ದಳು, ಅರ್ಜಿಗೆ ಅದರ ಲೆಕ್ಕ ಆಗಲೇ ಹೋಗಿತ್ತು. ನಾನು ಹಾಲು ತಂದಿಟ್ಟು ಪಕ್ಕದಲ್ಲಿ ಕೂತೆ. ಮಾರ್ಚಿನ ಆ ಪುಟದಲ್ಲಿ, ಹಾರದೆ ವಾಪಸು ಬಂದ ದಿನದ ನಮೂದು ಇರಲೇ ಇಲ್ಲ. ಹಾರದಿದ್ದರೆ ಬರೆಯುವುದಿಲ್ಲವಂತೆ.

ಜುಲೈನಲ್ಲಿ ಲೈಸೆನ್ಸ್ ಬಂತು. ಫೋನಿಗೇ ಬಂತು. 2025ರ ಫೆಬ್ರವರಿಯಿಂದ ಪೈಲಟ್ ಲೈಸೆನ್ಸನ್ನೂ ಡಿಜಿಟಲ್ ಮಾಡಿದ್ದಾರೆ. "ಕಾಗದ ಎಲ್ಲಿ, ದೇವರ ಮುಂದೆ ಏನು ಇಡುವುದು?" ಅಂದರು ಅತ್ತೆ. ಮಗಳು ಫೋನನ್ನೇ ಇಟ್ಟಳು. ಅತ್ತೆ ಅದಕ್ಕೆ ಕುಂಕುಮ ಹಚ್ಚಿಬಿಟ್ಟರು, ಕ್ಯಾಮೆರಾ ಮೇಲೆ.

ಈಗ ಕೆಲವು ತಾಯಂದಿರು ನನ್ನನ್ನು ಕೇಳುತ್ತಾರೆ, ನಮ್ಮ ಹುಡುಗಿಯೂ ಪೈಲಟ್ ಆಗಬೇಕು ಅಂತಾಳೆ, ಯಾವ ಶಾಲೆ ಒಳ್ಳೆಯದು ಅಂತ. ಹೆಸರು ನಾನು ಹೇಳುವುದಿಲ್ಲ. ಹೋಗಿ ಕೇಳಬೇಕಾದದ್ದು ಹೇಳುತ್ತೇನೆ. ಬಣ್ಣದ ಪುಸ್ತಕದಲ್ಲಿ ಎಷ್ಟು ವಿಮಾನದ ಫೋಟೊ ಇದೆ ಅಂತಲ್ಲ, ಇವತ್ತು ಬೆಳಿಗ್ಗೆ ಎಷ್ಟು ಹಾರಿದವು ಅಂತ ಕೇಳಿ. ಪರೀಕ್ಷೆ ಮಾಡುವ ಅಧಿಕಾರ ಇರುವವರು ಎಷ್ಟು ಜನ, ಒಬ್ಬರೇ ಆದರೆ ಅವರು ಹೋದರೆ ಏನು ಅಂತ ಕೇಳಿ. ರನ್‌ವೇಗೆ ರಾತ್ರಿ ದೀಪ ಇದೆಯಾ ಕೇಳಿ. ಆಫೀಸಿನಲ್ಲಿ ಕೇಳುವುದಕ್ಕಿಂತ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಮಕ್ಕಳನ್ನು ಕೇಳಿ, "200 ಗಂಟೆ ಮುಗಿದು ಎಷ್ಟು ದಿನ ಆಯ್ತಪ್ಪ?" ಅಂತ. ಉತ್ತರ ಅಲ್ಲಿ ಸಿಗುತ್ತದೆ. ಹಣ ಕಟ್ಟುವ ಮುಂಚೆ ವೈದ್ಯಕೀಯ ಪರೀಕ್ಷೆ ಮಾಡಿಸಿ. ವಾಯುಪಡೆಯ ಕೇಂದ್ರ ಇಲ್ಲಿ ದೆಹಲಿಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ, ರಜೆಗೆ ಊರಿಗೆ ಹೋದಾಗ ಅಜ್ಜಿ ಮನೆಯಿಂದಲೇ ಹೋಗಿ ಬರಬಹುದು. ಈಗ ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲೂ ಹಾರಾಟ ಶಾಲೆಗಳು ಬಂದಿವೆ. ಅಲ್ಲಿ ನಮ್ಮ ಗಂಗಾ ಬಯಲಿನ ಮಂಜು ಇಲ್ಲ. ಮಳೆಗಾಲ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮನೆಯ ಬಜೆಟ್ಟಿನಲ್ಲಿ ಶಾಲೆಯವರು ಹೇಳಿದ್ದರ ಮೇಲೆ ಆರು ತಿಂಗಳ ಖರ್ಚು ಬೇರೆ ತೆಗೆದಿಡಿ. ಬೇಡವಾದರೆ ಒಳ್ಳೆಯದೇ ಆಯಿತು.

ಮಗಳು ಈಗ ಮನೆಯಲ್ಲೇ ಇದ್ದಾಳೆ. ದೊಡ್ಡ ವಿಮಾನದ ತರಬೇತಿ ಬೇರೆ ಆಗಬೇಕು, ಒಂದು ಕಂಪನಿಯ ಲಿಖಿತ ಪರೀಕ್ಷೆ ಬರೆದು ಮುಂದಿನ ಕರೆಗೆ ಕಾಯುತ್ತಿದ್ದಾಳೆ. ಬೆಳಿಗ್ಗೆ ಪಕ್ಕದ ಮನೆ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಅತ್ತೆಯ ಎರಡು ಲಕ್ಷಕ್ಕೆ ಒಂದು ಡೈರಿಯಲ್ಲಿ ಬಡ್ಡಿ ಸಮೇತ ಲೆಕ್ಕ ಬರೆದಿಟ್ಟಿದ್ದಾಳೆ. ಇವತ್ತು ಅವಳೂ ಬಂದಿದ್ದಾಳೆ, ಹಿಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂತಿದ್ದಾಳೆ. ಮ್ಯಾಗ್ನೆಟೊ ಬಗ್ಗೆ ಯಾರಿಗಾದರೂ ಅನುಮಾನ ಇದ್ದರೆ ಅವಳನ್ನು ಕೇಳಿ. ಮೆಟಾರ್ ಬಗ್ಗೆ ಆದರೆ ನನ್ನನ್ನೇ ಕೇಳಬಹುದು.